ಹಾಗಲದ ಕಹಿ ಬೇರೆ, ಸೋರೆಯ ಕಹಿ ಬೇರೆ

ಕಂಬಂ: ಮುಲ್ಲಪೆರಿಯಾರ್ ಅಣೆಕಟ್ಟೆಯ ನೀರು 1895ರಿಂದ ಹರಿದು ಬರುತ್ತಿರುವ ಈ ಕಣಿವೆಯಲ್ಲಿ ಭತ್ತ, ಬಾಳೆ, ದ್ರಾಕ್ಷಿಯಷ್ಟೇ ಅಲ್ಲ, ಬಳ್ಳಿ ತರಕಾರಿಯೂ ಉಂಟು. ಕಂಬ ನೆಟ್ಟು ತಂತಿ ಬಿಗಿದ ಚಪ್ಪರಗಳಲ್ಲಿ ಹಾಗಲ, ಪಡವಲ, ಹೀರೆ ತೂಗುತ್ತವೆ. ತೊಂಡೆ ಬೇಲಿ ಮೇಲೆ ತಾನಾಗೇ ಹಬ್ಬುತ್ತದೆ. ಪೆರಿಯಕುಳಂ ತೋಟಗಾರಿಕಾ ಕೇಂದ್ರ ಪಡವಲ ಮತ್ತು ಹೀರೆಯಲ್ಲಿ ‘ಪಿಕೆಎಂ 1’ ಎಂಬ ತಳಿಗಳನ್ನೇ ಕೊಟ್ಟಿದೆ.

ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಕಂಬಂ ಕಡೆಯ ಒಕ್ಕಲಿಗ ಕಾಪ್ಪಿಲಿಯರು, ಬೋಡಿಯ ದೇವಾಂಗರು, ದಿಂಡಿಗಲ್ ಸುತ್ತಿನ ಅನುಪ್ಪರು ತಲೆಮಾರುಗಳಿಂದ ಹೀಗೇ ಬದುಕಿದವರು. ಇಲ್ಲಿನ ಸಂತೆಯಲ್ಲಿ ತರಕಾರಿಗೂ ಎರಡೆರಡು ಹೆಸರು. ಹಾಗಲ ‘ಪಾಗಲ್’ ಆಗುತ್ತದೆ, ತೊಂಡೆ ‘ಕೋವಕ್ಕಾಯ್’, ಪಡವಲ ‘ಪುಡಲಂಗಾಯ್’, ಸೋರೆ ‘ಸುರೈಕ್ಕಾಯ್’. ಮಳೆಗಾಲದಲ್ಲಿ ಕಪ್ಪುನೆಲದ ಗೆಡ್ಡೆಯಿಂದ ಚಿಗುರುವ ಪುಟ್ಟ ‘ಅದಲೈಕ್ಕಾಯ್’ ಬೇರೇನೂ ಅಲ್ಲ, ಬಳ್ಳಾರಿ, ರಾಯಚೂರಿನವರ ಕರ್ಚಿಕಾಯಿಯೇ. ಕಿತ್ತ ಮೇಲೆ ಹೆಚ್ಚು ಹೊತ್ತು ಇಟ್ಟರೆ ಬಾಯಿ ಬಿಡುತ್ತದೆ; ಅಂದೇ ಪಲ್ಯ ಮಾಡಬೇಕು.

‘ಕಹಿ ತಿಂದ್ರೆ ಒಳ್ಳೇದು’ ಅನ್ನೋ ಹಿರಿಯರ ಮಾತು ಗಡಿಯ ಎರಡೂ ಕಡೆ ಇದೆ. ಆ ಮಾತು ಎಷ್ಟು ನಿಜ?

ಪ್ರಯೋಗಾಲಯ ಹೇಳೋದೇನು?

ಎಲೆ ಅಥವಾ ಕಾಯಿಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮದ್ಯಸಾರದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ರೋಗಾಣು ಬೆಳೆಸಿದ ಗಾಜಿನ ತಟ್ಟೆಯ ಮೇಲೆ ಆ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡುತ್ತಾರೆ. ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಬಯಲಾದರೆ ಸಾರಕ್ಕೆ ಶಕ್ತಿ ಇದೆ ಎಂದರ್ಥ. ಹಾಗಲ, ತೊಂಡೆಯ ಸಾರ ಕೀವು ತರುವ ಸ್ಟಫಿಲೊಕಾಕಸ್, ಭೇದಿ ತರಬಲ್ಲ ಇ-ಕೊಲೈ ರೋಗಾಣುಗಳನ್ನು ಹೀಗೆ ತಡೆದದ್ದು ಹಲವು ಪರೀಕ್ಷೆಗಳಲ್ಲಿ ಕಂಡಿದೆ.

ಇನ್ನೊಂದು ಪರೀಕ್ಷೆಯಲ್ಲಿ ನೇರಳೆ ಬಣ್ಣದ ದ್ರಾವಣಕ್ಕೆ ಸಾರ ಬೆರೆಸುತ್ತಾರೆ. ನೇರಳೆ ಕಳೆದು ಹಳದಿಯಾದಷ್ಟೂ ಉತ್ಕರ್ಷಣ ನಿರೋಧಕ ಗುಣ ಹೆಚ್ಚು. ಜೀವಕೋಶಕ್ಕೆ ತುಕ್ಕು ಹಿಡಿಯದಂತೆ ಕಾಯುವ ಗುಣ ಎನ್ನಬಹುದು.

ಆದರೆ ತಟ್ಟೆಯ ಮೇಲೆ ಗೆದ್ದದ್ದು ಹೊಟ್ಟೆಯೊಳಗೂ ಗೆಲ್ಲುತ್ತೆ ಅಂತೇನಿಲ್ಲ. ಆ ಸಾರ ಬಲು ಗಟ್ಟಿ. ಪಲ್ಯದಲ್ಲಿ ಅಷ್ಟು ಇರುವುದಿಲ್ಲ. ಕೀವಾದ ಗಾಯಕ್ಕೆ, ಜ್ವರಕ್ಕೆ ಎಲೆ ರಸ ನಂಬಿ ಕೂತರೆ ಕಾಯಿಲೆ ಬಲಿಯುತ್ತದೆ.

ಸಕ್ಕರೆ ಕಾಯಿಲೆಯವರಿಗೆ

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯದು ಮುಖ್ಯ. 2008ರಲ್ಲಿ ಪ್ರಕಟವಾದ ಅದರಲ್ಲಿ, ಆಗಷ್ಟೇ ಸಕ್ಕರೆ ಕಾಯಿಲೆ ಪತ್ತೆಯಾದ, ಪಥ್ಯದಲ್ಲೇ ನಿಭಾಯಿಸಬಹುದಾಗಿದ್ದ 60 ಮಂದಿ ಇದ್ದರು. ಅರ್ಧ ಮಂದಿಗೆ ದಿನಕ್ಕೆ 1 ಗ್ರಾಂ ತೊಂಡೆ ಸಾರ ಕೊಡಲಾಯಿತು. 90 ದಿನದಲ್ಲಿ ಅವರ ಖಾಲಿ ಹೊಟ್ಟೆಯ ಸಕ್ಕರೆ ಶೇ 16ರಷ್ಟು ಇಳಿಯಿತು. ಒಳ್ಳೆಯ ಸುದ್ದಿಯೇ. ಆದರೆ ಮಾತ್ರೆ, ಇನ್ಸುಲಿನ್ ಬೇಕಾದ ಹಂತದವರ ಮೇಲೆ ನಡೆದದ್ದಲ್ಲ. ಹಾಗಲದ ಬಗ್ಗೆ 2012ರ ಕಾಕ್ರೇನ್ ವಿಮರ್ಶೆ, ಮಧುಮೇಹಕ್ಕೆ ಔಷಧಿ ಎನ್ನಲು ಪುರಾವೆ ಸಾಲದು ಎಂದಿತು.

ಮಾತ್ರೆ ಬಿಟ್ಟು ಹಾಗಲ ರಸ ಕುಡಿದರೆ ಸಕ್ಕರೆ ಏರಬಹುದು. ಮಾತ್ರೆಯ ಜೊತೆಗೇ ಲೋಟಗಟ್ಟಲೆ ಕುಡಿದರೆ ಅತಿಯಾಗಿ ಇಳಿದು ತಲೆ ಸುತ್ತಬಹುದು. ಗರ್ಭಿಣಿಯರು ರಸ ಕುಡಿಯದಿರುವುದೇ ಲೇಸು.

ಸೋರೆ ಕಹಿಯಾದರೆ ಬಿಸಾಡಿ

ಹಾಗಲಕ್ಕೆ ಕಹಿ ಸಹಜ. ಸೋರೆಗೆ ಅಲ್ಲ. ಸೋರೆ, ಹೀರೆ, ಸೌತೆ ಕಹಿಯಾದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಸೇರಿದೆ ಎಂದರ್ಥ. ಬೇಯಿಸಿದರೂ ಅದು ಹೋಗುವುದೆಂದು ನಂಬುವಂತಿಲ್ಲ. ಕಹಿ ಸೋರೆ ರಸ ಕುಡಿದು ಮಧುಮೇಹಿಗಳು ಸತ್ತ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಪರಿಶೀಲಿಸಿ 2012ರಲ್ಲಿ ವರದಿ ಪ್ರಕಟಿಸಿದರು. 3 ಸಾವು, 26 ಮಂದಿ ಆಸ್ಪತ್ರೆ ಸೇರಿದ್ದರು. ಕುಡಿದ ಸ್ವಲ್ಪ ಹೊತ್ತಿಗೇ ಹೊಟ್ಟೆನೋವು, ವಾಂತಿ, ಭೇದಿ; ಕೆಲವರಿಗೆ ರಕ್ತವಾಂತಿ. ‘ಕಹಿ ಇದ್ದಷ್ಟೂ ಗುಣ’ ಎಂದು ಕಣ್ಣು ಮುಚ್ಚಿ ಕುಡಿಯುವವರಿಗೇ ಅಪಾಯ ಹೆಚ್ಚು.

ರಸ ತೆಗೆಯುವ ಮುನ್ನ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಉಗುಳಿ, ಕಾಯಿ ಬಿಸಾಡಿ. ಕುಡಿದ ಮೇಲೆ ವಾಂತಿಯಾದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ ಹೋಗಬೇಕು.

ಉಳಿದಂತೆ ತೊಂಡೆ ಪಲ್ಯ, ಹಾಗಲ ಗೊಜ್ಜು, ಕರ್ಚಿಕಾಯಿ ಹುರಿದದ್ದು ಧಾರಾಳವಾಗಿ ಉಣ್ಣಬಹುದು. ಚೆನ್ನಾಗಿ ತೊಳೆದು, ಹಾಗಲದ ನೀರನ್ನೆಲ್ಲ ಹಿಂಡಿ ಚೆಲ್ಲದೆ, ಹದವಾಗಿ ಬೇಯಿಸಿದರೆ ಸತ್ವವೂ ಉಳಿಯುತ್ತದೆ. ತಟ್ಟೆಯಲ್ಲಿ ತರಕಾರಿ ಇರಲಿ. ಡಾಕ್ಟರ್ ಬರೆದ ಮಾತ್ರೆಯೂ ತಪ್ಪದಿರಲಿ.