ನೂರು ಜನ ಸೇರೋ ಜಾಗಕ್ಕೆ ಕ್ಯಾಮೆರಾ ಒಂದೇ ಸಾಕಾ?

ಯಾವ ಕಾಲೇಜಿನ ಫೆಸ್ಟ್ ಮೀಟಿಂಗ್ ಆದ್ರೂ ನೋಡಿ. ಸ್ಟೇಜ್‌ಗೆ ಒಬ್ಬ ಕೋಆರ್ಡಿನೇಟರ್, ಸೌಂಡ್‌ಗೆ ಒಬ್ಬ, ಸ್ಪಾನ್ಸರ್‌ಗೆ ಇಬ್ಬರು, ಊಟಕ್ಕೆ ನಾಲ್ಕು ಜನ. "ಏನಾದ್ರೂ ಆದ್ರೆ?" ಅನ್ನೋ ಪ್ರಶ್ನೆಗೆ ಮಾತ್ರ ಯಾರ ಹೆಸರೂ ಇರಲ್ಲ. ಸಿಸಿಟಿವಿ ಇದೆಯಲ್ಲ ಅಂತ ಯಾರೋ ಅಂತಾರೆ, ಮಾತು ಟೀ ಶರ್ಟ್ ಬಣ್ಣದ ಕಡೆ ತಿರುಗುತ್ತೆ.

ಜನ ಸೇರುವ ಜಾಗಗಳನ್ನು ಭಯೋತ್ಪಾದಕ ದಾಳಿಯಂಥ ಅಪಾಯಕ್ಕೆ ಸಿದ್ಧ ಮಾಡಬೇಕು ಅನ್ನೋದು ಈಗ ಬರೀ ಸಲಹೆಯಲ್ಲ, ಕಾನೂನು. ಆ ಕಾನೂನು ಏನು ಕೇಳುತ್ತೆ, ಏನು ಬಿಟ್ಟುಬಿಡುತ್ತೆ, ಬಿಟ್ಟದ್ದನ್ನು ನಾವು ಹೇಗೆ ತುಂಬಬಹುದು ಅಂತ ಇಲ್ಲಿ ನೋಡೋಣ. ಉದಾಹರಣೆಗೆ ಎರಡು ಜಾಗ ಇಟ್ಕೊಳ್ಳೋಣ. ಒಂದು, ನಮ್ಮಂಥ ಕಾಲೇಜಿನ ಆಡಿಟೋರಿಯಂ. ಇನ್ನೊಂದು, ರಾಯಚೂರು ಜಿಲ್ಲೆ ಮಸ್ಕಿ ತಾಲೂಕಿನ ಪಾಮನಕಲ್ಲೂರಿನಂಥ ಹೋಬಳಿ ಊರಿನ ದೊಡ್ಡ ಮದುವೆ. ಬೆಂಗಳೂರಿನ ಮಾಲ್ ಯಾಕಲ್ಲ ಅಂದ್ರೆ, ಅಲ್ಲಿ ಸಂಬಳ ಕೊಟ್ಟು ಇಟ್ಟ ಸೆಕ್ಯೂರಿಟಿ ತಂಡ ಇರುತ್ತೆ. ಈ ಎರಡು ಕಡೆ ಇರೋದು ನಾವೇ.

ನಮ್ಮ ರಾಜ್ಯದ ಕಾನೂನು ಏನು ಹೇಳುತ್ತೆ

ಅದರ ಹೆಸರು ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳು) ಜಾರಿ ಅಧಿನಿಯಮ, 2017. ಒಂದು ಹೊತ್ತಿಗೆ 100 ಜನ ಸೇರಬಹುದಾದ ಅಂಗಡಿ, ಆಸ್ಪತ್ರೆ, ಧಾರ್ಮಿಕ ಸ್ಥಳ, ಬಸ್ ನಿಲ್ದಾಣ, ಶಿಕ್ಷಣ ಸಂಸ್ಥೆ ಇಂಥವೆಲ್ಲ ಇದರ ಪಟ್ಟಿಯಲ್ಲಿವೆ. ಅಂದ್ರೆ ಕಾಲೇಜೂ ಇದೆ. ಕೇಳೋದು ಮುಖ್ಯವಾಗಿ ಎರಡು: ಒಳಗೆ ಬರೋರ ಮೇಲೆ ನಿಗಾ, ಮತ್ತು ಸಿಸಿಟಿವಿ. ರೆಕಾರ್ಡಿಂಗನ್ನು 30 ದಿನ ಉಳಿಸಿಡಬೇಕು. ಪಾಲಿಸದಿದ್ರೆ ದಂಡ.

ಈ 30 ದಿನ ಕೇಳೋಕೆ ಸುಲಭ. ಲೆಕ್ಕ ಹಾಕೋಣ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸುತ್ತೆ ಅಂದುಕೊಳ್ಳಿ. ದಿನಕ್ಕೆ 86,400 ಸೆಕೆಂಡ್. ಗುಣಿಸಿ 8ರಿಂದ ಭಾಗಿಸಿದ್ರೆ ದಿನಕ್ಕೆ 21.6 ಜಿಬಿ, 30 ದಿನಕ್ಕೆ 648 ಜಿಬಿ. ಎಂಟು ಕ್ಯಾಮೆರಾ ಇದ್ರೆ 5 ಟಿಬಿಗೂ ಜಾಸ್ತಿ. ಅದೇ ಎಂಟು ಕ್ಯಾಮೆರಾಗೆ 1 ಟಿಬಿ ಹಾರ್ಡ್ ಡಿಸ್ಕ್ ಹಾಕಿದ್ರೆ ಆರು ದಿನ ತುಂಬೋದ್ರೊಳಗೆ ಹಳೇದರ ಮೇಲೆ ಹೊಸದು ಬರೆದುಕೊಳ್ಳೋಕೆ ಶುರುವಾಗುತ್ತೆ. ಗೋಡೆ ಮೇಲೆ ಕ್ಯಾಮೆರಾ ಕಾಣುತ್ತೆ, ಕಾನೂನು ಪಾಲಿಸಿದ ಹಾಗೆ ಇರುತ್ತೆ, ಹತ್ತನೇ ದಿನ ಬಂದು ಕೇಳಿದ್ರೆ ಏನೂ ಇರಲ್ಲ.

ಕ್ಯಾಮೆರಾ ಯಾವ ಪ್ರಶ್ನೆಗೆ ಉತ್ತರ?

2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸ್ಫೋಟ ಆಯ್ತು. ಒಬ್ಬ ಬಂದ, ತಿಂಡಿಗೆ ಟೋಕನ್ ತಗೊಂಡ, ಕೈ ತೊಳೆಯೋ ಜಾಗದ ಹತ್ತಿರ ಬ್ಯಾಗ್ ಬಿಟ್ಟು ಹೋದ. ಆ ಬ್ಯಾಗ್ ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ ಇತ್ತು. ಮಧ್ಯಾಹ್ನ ಒಂದಕ್ಕೆ ಸ್ವಲ್ಪ ಮೊದಲು ಸಿಡೀತು. ಯಾರೂ ಸಾಯಲಿಲ್ಲ, ಆದ್ರೆ ಹಲವರು ಗಾಯಗೊಂಡರು. ಕ್ಯಾಮೆರಾಗಳು ಅವನನ್ನು ನೋಡಿದ್ದವು. ಆ ದೃಶ್ಯಗಳ ಜಾಡು ಹಿಡಿದು ನಡೆದ ತನಿಖೆಯಲ್ಲಿ ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಇಬ್ಬರು ಆರೋಪಿಗಳನ್ನು ಎನ್‌ಐಎ ಬಂಧಿಸಿತು.

ಹಾಗಾಗಿ ಕ್ಯಾಮೆರಾ ವೇಸ್ಟ್ ಅಂತ ನಾವು ಹೇಳ್ತಿಲ್ಲ. ಅದು "ಯಾರು ಮಾಡಿದ್ದು?" ಅನ್ನೋದಕ್ಕೆ ಉತ್ತರ. "ಈ ಬ್ಯಾಗ್ ಯಾರದು? ಈಗ ಏನು ಮಾಡೋದು?" ಅನ್ನೋದಕ್ಕೆ ಉತ್ತರ ಕೊಡಬೇಕಾದ್ದು ಅಲ್ಲಿ ನಿಂತಿರೋ ಮನುಷ್ಯ. ಟೇಬಲ್ ಒರೆಸೋರು, ಟೋಕನ್ ಕೊಡೋರು, ನಮ್ಮಲ್ಲಾದ್ರೆ ವಾಲಂಟಿಯರ್.

ಬ್ರಿಟನ್ ಬರೆದುಕೊಂಡ ಪಾಠ

2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದಲ್ಲಿ ಸಂಗೀತ ಕಾರ್ಯಕ್ರಮ ಮುಗಿದು ಜನ ಹೊರಗೆ ಬರುವಾಗ ಆತ್ಮಾಹುತಿ ದಾಳಿ ಆಯ್ತು, 22 ಜನ ಸತ್ತರು. ಅವರಲ್ಲಿ ಒಬ್ಬ ಮಾರ್ಟಿನ್ ಹೆಟ್. ಅವನ ತಾಯಿ ಫಿಗೆನ್ ಮರ್ರೆ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಏಪ್ರಿಲ್ 3ರಂದು "ಮಾರ್ಟಿನ್ಸ್ ಲಾ" ಅಂತ ಕರೆಯುವ ಕಾನೂನಿಗೆ ಅಂಕಿತ ಸಿಕ್ತು. ಸಿದ್ಧ ಆಗೋಕೆ ಎಲ್ಲರಿಗೂ ಕನಿಷ್ಠ 24 ತಿಂಗಳು ಸಮಯ ಕೊಟ್ಟಿದ್ದಾರೆ.

ಅದರಲ್ಲಿ ಎರಡು ಹಂತ. 200ರಿಂದ 799 ಜನ ಸೇರಬಹುದಾದ ಜಾಗ ಒಂದು, 800 ಮತ್ತು ಮೇಲ್ಪಟ್ಟದ್ದು ಇನ್ನೊಂದು. ದೊಡ್ಡ ಜಾಗಗಳಿಗೆ ಕ್ಯಾಮೆರಾ, ತಪಾಸಣೆ ಥರದ ಕ್ರಮಗಳೂ ಸೇರುತ್ತವೆ. ಚಿಕ್ಕ ಜಾಗದವರು ಯಾವ ಉಪಕರಣವನ್ನೂ ಕೊಳ್ಳಬೇಕಿಲ್ಲ. ಆದ್ರೆ ನಾಲ್ಕು ಕೆಲಸ ಹೇಗೆ ಮಾಡ್ತೀವಿ ಅಂತ ಮೊದಲೇ ಗೊತ್ತು ಮಾಡಿಕೊಂಡು, ಕೆಲಸ ಮಾಡೋರಿಗೆ ಹೇಳಿಕೊಟ್ಟಿರಬೇಕು:

1. ಜನರನ್ನು ಹೊರಗೆ ಕಳಿಸೋದು.
2. ಅಪಾಯ ಹೊರಗಿದ್ರೆ ಜನರನ್ನು ಒಳಗೆ ಕರ್ಕೊಳ್ಳೋದು.
3. ಬಾಗಿಲು ಭದ್ರ ಮಾಡಿ ಅಪಾಯವನ್ನು ಆಚೆಗೇ ತಡೆಯೋದು.
4. ಏನಾಗ್ತಿದೆ, ಏನು ಮಾಡಬೇಕು ಅಂತ ಎಲ್ಲರಿಗೂ ಹೇಳೋದು.

ಮೊದಲನೇದು ನಮಗೆ ಫೈರ್ ಡ್ರಿಲ್‌ನಿಂದ ಗೊತ್ತು. ಎರಡನೇದು ಹೊಸದು ಅನ್ನಿಸಬಹುದು. 2005ರ ಡಿಸೆಂಬರ್ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಆಡಿಟೋರಿಯಂನಲ್ಲಿ ಸಮ್ಮೇಳನದ ಕಲಾಪ ಮುಗಿಸಿ ಹೊರಬರುತ್ತಿದ್ದವರ ಮೇಲೆ ಗುಂಡಿನ ದಾಳಿ ಆಗಿ, ಐಐಟಿ ದೆಹಲಿಯ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ತೀರಿಕೊಂಡರು. ಗುಂಡು ಹೊರಗೆ ಹಾರ್ತಿರುವಾಗ "ಎಲ್ಲರೂ ಹೊರಗೆ ಹೋಗಿ" ಅನ್ನೋದು ಅತಿ ಕೆಟ್ಟ ಸಲಹೆ. ಯಾವಾಗ ಹೊರಗೆ, ಯಾವಾಗ ಒಳಗೆ ಅಂತ ತೀರ್ಮಾನ ಮಾಡೋಕೆ ಒಬ್ಬರು ಇರಬೇಕು.

ಅಪಾಯ ಇರೋದು ಬಾಗಿಲ ಹತ್ತಿರ

ಗಮನಿಸಿದ್ರಾ? ಮ್ಯಾಂಚೆಸ್ಟರ್‌ನಲ್ಲಿ ಜನ ಹೊರಬರುವಾಗ, ಬೆಂಗಳೂರಿನ ಆಡಿಟೋರಿಯಂನಲ್ಲೂ ಹೊರಬರುವಾಗ. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಸ್ಟೇಡಿಯಂ ಬಳಿ ಬಾಂಬ್ ಸಿಡಿದದ್ದು ಐಪಿಎಲ್ ಪಂದ್ಯ ಶುರುವಾಗೋ ಮೊದಲು. ಅದೇ ಸ್ಟೇಡಿಯಂ ಹತ್ತಿರ 2025ರ ಜೂನ್ 4ರಂದು ಕಾಲ್ತುಳಿತದಲ್ಲಿ 11 ಜನ ಸತ್ತರು. ಅದು ದಾಳಿಯಲ್ಲ, ಆದ್ರೂ ನಡೆದದ್ದು ಗೇಟುಗಳ ಬಳಿಯೇ. ಜನ ಒತ್ತಾಗಿ ನಿಲ್ಲೋದು ಬಾಗಿಲಲ್ಲಿ. ನಮ್ಮ ತಯಾರಿಯೆಲ್ಲ ಇರೋದು ಸ್ಟೇಜ್ ಮೇಲೆ.

ಬಾಗಿಲಿಗೂ ಲೆಕ್ಕ ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಸಭಾಂಗಣದಂಥ ಕಟ್ಟಡದಲ್ಲಿ ಸಮತಟ್ಟಾದ ನಿರ್ಗಮನಕ್ಕೆ ಒಬ್ಬರಿಗೆ 6.5 ಮಿ.ಮೀ. ಅಗಲ ಬೇಕು. 600 ಸೀಟಿನ ಹಾಲ್ ಅಂದ್ರೆ 3,900 ಮಿ.ಮೀ. ತಲಾ 2 ಮೀಟರಿನ ಎರಡು ಬಾಗಿಲು ಇದ್ರೆ ಸರಿಹೋಯ್ತು. ಈಗ ಪಾಸ್ ಇಲ್ಲದೋರು ನುಗ್ತಾರೆ ಅಂತ ಒಂದು ಬಾಗಿಲಿಗೆ ಬೀಗ ಹಾಕಿ. ಉಳಿದದ್ದು 2,000 ಮಿ.ಮೀ., ಸುಮಾರು 307 ಜನಕ್ಕೆ. ಬಾಕಿ 293 ಜನರಿಗೆ ಕಾಗದದ ಮೇಲೆ ಬಾಗಿಲೇ ಇಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತಾಗಲೂ ಮುಚ್ಚಿದ ದಾರಿಗಳು ಒಂದು ದೊಡ್ಡ ಕಾರಣ.

ಪಾಮನಕಲ್ಲೂರಿಗೆ ಹೋಗೋಣ

ಇಂಥ ಊರಿನಲ್ಲಿ ಒಂದು ದೊಡ್ಡ ಮದುವೆ ಅಂದುಕೊಳ್ಳಿ. ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯಿಂದ ಬೀಗರು ಬಂದಿರ್ತಾರೆ. 800 ಜನ ದೊಡ್ಡ ಲೆಕ್ಕವೇನಲ್ಲ, ಬ್ರಿಟನ್ನಿನ ಕಟ್ಟಡ ಆಗಿದ್ರೆ ಮೇಲಿನ ಹಂತಕ್ಕೆ ಬರ್ತಿತ್ತು. ನಮ್ಮಲ್ಲಿ ಸರ್ಕಾರದ ನೋಟಿಸ್ ಬರುತ್ತೋ ಬಿಡುತ್ತೋ, ಜನ ಅಂತೂ ಸೇರೇ ಸೇರ್ತಾರೆ.

ಅಲ್ಲಿ ಮೆಟಲ್ ಡಿಟೆಕ್ಟರ್ ಇಡಿ ಅಂದ್ರೆ ನಗ್ತಾರೆ, ನಗೋದೂ ಸರಿ. ಆದ್ರೆ ಆ ನಾಲ್ಕು ಕೆಲಸಕ್ಕೆ ಬೇಕಾದ್ದು ಬಹಳಷ್ಟು ಅಲ್ಲೇ ಇದೆ. ಹೇಳೋಕೆ ಮೈಕ್ ಇದೆ. ಹೊರಗೆ ಹೋಗೋಕೆ ಬಯಲಿದೆ. ಯಾರ ಮಾತನ್ನು ಎಲ್ಲರೂ ಕೇಳ್ತಾರೆ ಅಂತ ಊರಿಗೇ ಗೊತ್ತಿರುತ್ತೆ. ಯಾರೂ ತರದ ಬ್ಯಾಗು, ಊರಿನದಲ್ಲದ ಗಾಡಿ ಬೇಗ ಕಣ್ಣಿಗೆ ಬೀಳುತ್ತೆ. ತೊಂದ್ರೆ ಇರೋದು ಬೇರೆ ಕಡೆ: ಗೇಟಿಗೆ ಅಡ್ಡ ನಿಲ್ಲಿಸಿದ ಕ್ರೂಸರ್, ಟಂಟಂ, ಹಿಂದಿನ ಬಾಗಿಲಿಗೆ ಒರಗಿಸಿಟ್ಟ ಅಡುಗೆ ಸಿಲಿಂಡರ್, ಕುರ್ಚಿ ರಾಶಿ ಹಾಕಿದ ಪಕ್ಕದ ದಾರಿ. ತಾಲೂಕು ಊರಿಂದ ಆಂಬುಲೆನ್ಸ್ ಬರೋಕೆ ಹೊತ್ತು ಬೇಕು, ಬಂದದ್ದು ಒಳಗೆ ಬರೋಕೆ ದಾರಿಯೂ ಬೇಕು. ಮೊದಲ ಹತ್ತು ನಿಮಿಷ ಊರಿನೋರ ಕೈಯಲ್ಲೇ ಇರುತ್ತೆ. ಇಬ್ಬರು ಹುಡುಗರಿಗೆ "ಗೇಟು ಖಾಲಿ ಇಡೋದು ನಿಮ್ಮ ಜವಾಬ್ದಾರಿ" ಅಂದ್ರೆ ಖರ್ಚು ಒಂದು ರೂಪಾಯಿಯೂ ಇಲ್ಲ.

ಮುಖ ನೋಡಬೇಡಿ, ವಸ್ತು ನೋಡಿ

ಇದನ್ನು ಹೇಳದೆ ಬಿಟ್ರೆ ಈ ಲೇಖನ ಅಪಾಯಕಾರಿ ಆಗುತ್ತೆ. ಮ್ಯಾಂಚೆಸ್ಟರ್‌ನಲ್ಲಿ ಅಲ್ಲಿದ್ದ ಒಬ್ಬರು ಅನುಮಾನ ಬಂದು ಸಿಬ್ಬಂದಿಗೆ ಹೇಳಿದ್ದರು. ಸೆಕ್ಯೂರಿಟಿ ಕೆಲಸದ 18 ವರ್ಷದ ಒಬ್ಬ ಹುಡುಗನಿಗೂ ಏನೋ ಸರಿಯಿಲ್ಲ ಅನ್ನಿಸಿತ್ತು. ಆದ್ರೆ ತಾನು ಅಂದುಕೊಂಡದ್ದು ತಪ್ಪಾದ್ರೆ, ಜನಾಂಗ ನೋಡಿ ಅನುಮಾನಪಟ್ಟ ಅಂತಾರೆ ಅನ್ನೋ ಭಯ ಇತ್ತು, ರೇಡಿಯೋದಲ್ಲಿ ಪ್ರಯತ್ನಿಸಿದ್ರೂ ಸಂಪರ್ಕ ಸಿಗಲಿಲ್ಲ ಅಂತ ಅವನು ವಿಚಾರಣೆಯಲ್ಲಿ ಹೇಳಿದ. ಅವನದು ನಮ್ಮ ವಾಲಂಟಿಯರ್‌ಗಳದೇ ವಯಸ್ಸು. ಅಷ್ಟು ದೊಡ್ಡ ತೀರ್ಮಾನವನ್ನು ಅವನೊಬ್ಬನ ತಲೆ ಮೇಲೆ ಬಿಟ್ಟಿದ್ದೇ ವ್ಯವಸ್ಥೆಯ ದೋಷ.

ಆ ಭಯಕ್ಕೆ ಮದ್ದು ಅಂದ್ರೆ ಸ್ಪಷ್ಟ ನಿಯಮ. ಗಡ್ಡ, ಟೋಪಿ, ಬುರ್ಖಾ, ಭಾಷೆ, ಹೆಸರು ಯಾವುದೂ ಗುರುತಲ್ಲ. ಹಾಗೆ ನೋಡೋಕೆ ಶುರು ಮಾಡಿದ್ರೆ ನಮ್ಮದೇ ಕ್ಲಾಸ್‌ಮೇಟ್‌ಗೆ ಅವಮಾನ ಮಾಡ್ತೀವಿ, ನಿಜವಾದ ಬ್ಯಾಗನ್ನು ಮಾತ್ರ ನೋಡಲ್ಲ. ವಾರಸುದಾರರಿಲ್ಲದ ವಸ್ತು ಕಂಡ್ರೆ ಬ್ರಿಟನ್ನಿನ ರೈಲ್ವೆಯಲ್ಲಿ ಕೇಳೋ ಮೂರು ಪ್ರಶ್ನೆ ನಮಗೂ ಸಾಕು: ಬೇಕಂತ ಬಚ್ಚಿಟ್ಟ ಹಾಗಿದೆಯಾ? ವೈರು, ಬ್ಯಾಟರಿ ಥರ ನೋಡಿದ ತಕ್ಷಣ ಅನುಮಾನ ಬರುತ್ತಾ? ಆ ಜಾಗದಲ್ಲಿ ಸಾಮಾನ್ಯವಾಗಿ ಇರೋ ವಸ್ತುನಾ? ಹಾಸ್ಟೆಲ್ ಮೆಸ್ ಮುಂದೆ ಕಾಲೇಜ್ ಬ್ಯಾಗ್ ಇರೋದು ಸಹಜ. ಜನರೇಟರ್ ಹಿಂದೆ ತುರುಕಿಟ್ಟಿದ್ರೆ ಸಹಜವಲ್ಲ.

ಫೆಸ್ಟ್‌ಗೆ ಮೊದಲು ಒಂದು ಸಂಜೆ

ಇದಿಷ್ಟಕ್ಕೆ ಬೇಕಾಗಿರೋದು ಒಂದು ಸಂಜೆ, ಒಂದು ಎ4 ಹಾಳೆ.

- ಹಾಲಿನ ಎಲ್ಲಾ ಬಾಗಿಲು ಅಳೆದು, 6.5ರಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಹೆಚ್ಚು ಪಾಸ್ ಕೊಡಬೇಡಿ.
- ಕಾರ್ಯಕ್ರಮ ನಡೆಯುವಾಗ ಯಾವ ಬಾಗಿಲಿಗೂ ಬೀಗ ಬೇಡ. ನುಗ್ಗೋರನ್ನು ತಡೆಯೋಕೆ ಬೀಗದ ಬದಲು ಇಬ್ಬರನ್ನು ನಿಲ್ಲಿಸಿ.
- "ಹೊರಗೆ" ಅಥವಾ "ಒಳಗೆ" ಅಂತ ತೀರ್ಮಾನಿಸೋರು ಒಬ್ಬರು, ಅವರಿಲ್ಲದಿದ್ರೆ ಇನ್ನೊಬ್ಬರು. ಎರಡೂ ನಂಬರ್ ಪ್ರತಿ ವಾಲಂಟಿಯರ್ ಫೋನಿನಲ್ಲಿ ಇರಲಿ.
- ಮೈಕಿನಲ್ಲಿ ಹೇಳೋ ಮಾತನ್ನು ಮೊದಲೇ ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ ಬರೆದಿಡಿ. ಗಾಬರಿಯಲ್ಲಿ ವಾಕ್ಯ ಹೊಳೆಯಲ್ಲ.
- ಅನುಮಾನದ ವಸ್ತು ಕಂಡ್ರೆ ಮುಟ್ಟಬೇಡಿ, ಜನರನ್ನು ದೂರ ಕಳಿಸಿ, ನೀವೂ ದೂರ ಹೋಗಿ 112ಕ್ಕೆ ಫೋನ್ ಮಾಡಿ.
- ಅನುಮಾನ ಸುಳ್ಳಾದ್ರೆ ಹೇಳಿದೋರನ್ನು ಯಾರೂ ಆಡಿಕೊಳ್ಳಬಾರದು. ಇದನ್ನು ಮೀಟಿಂಗ್‌ನಲ್ಲಿ ಬಾಯಿಬಿಟ್ಟೇ ಹೇಳಿ.

ಕಾನೂನಿನ ದಂಡ ಬೀಳೋದು ಸಂಸ್ಥೆಗೆ. ಬಾಗಿಲಲ್ಲಿ ನಿಲ್ಲೋದು ಮಾತ್ರ ನಾವು, ಊರಿಗೆ ಹೋದ್ರೆ ನಮ್ಮ ಅಣ್ಣ ತಮ್ಮಂದಿರು. ಮುಂದಿನ ಫೆಸ್ಟ್‌ನ ಕೋಆರ್ಡಿನೇಟರ್ ಪಟ್ಟಿಯಲ್ಲಿ ಒಂದು ಸಾಲು ಜಾಸ್ತಿ ಬರೀಲಿ: "ಬಾಗಿಲು", ಅದರ ಮುಂದೆ ಎರಡು ಹೆಸರು.