ಮರಳ ದಿಬ್ಬದಲ್ಲೊಂದು ಸಂಜೆ

ರಾಜಸ್ಥಾನದ ಜೈಸಲ್ಮೇರ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಸಾಗಿದರೆ ಸಮ್ ಎಂಬ ಊರು. ಅಲ್ಲಿ ಥಾರ್ ಮರುಭೂಮಿಯ ಮರಳ ದಿಬ್ಬಗಳು ಅಲೆಯ ಮೇಲೆ ಅಲೆಯಾಗಿ ನಿಂತಿವೆ. ಚಳಿಗಾಲದ ಸಂಜೆ ಪ್ರವಾಸಿಗಳನ್ನು ಹೊತ್ತ ಜೀಪುಗಳು ದಿಬ್ಬದ ನೆತ್ತಿಗೇರಿ ಒಮ್ಮೆಲೇ ಕೆಳಗೆ ಧುಮುಕುತ್ತವೆ. ಮಕ್ಕಳು ಕೇಕೆ ಹಾಕಿದರೆ, ಹಿರಿಯರು ಕಂಬಿಯನ್ನು ಬಿಗಿಹಿಡಿದು ಮನೆದೇವರನ್ನು ನೆನೆಯುತ್ತಾರೆ. ಒಂಟೆಯ ಸವಾರಿ ಇದಕ್ಕಿಂತ ಸೌಮ್ಯವೆಂದು ತಿಳಿದವರು ಒಂಟೆ ಏಳುವುದನ್ನು ಕಂಡಿರಲಾರರು! ಅದು ಹಿಂಗಾಲುಗಳನ್ನು ಮೊದಲು ನೆಟ್ಟಗೆ ಮಾಡುವುದರಿಂದ ಸವಾರನು ಮುಂದಕ್ಕೆ ಮುಗ್ಗರಿಸುತ್ತಾನೆ. ‘ಹಿಂದಕ್ಕೆ ಬಾಗಿರಿ’ ಎಂದು ಮಾರ್ಗದರ್ಶಿಯು ಕೂಗುವುದು ಅದಕ್ಕಾಗಿಯೇ.

ಹೊತ್ತು ಮುಳುಗಿದೊಡನೆ ಮರಳು ತಣ್ಣಗಾಗುತ್ತದೆ. ಡೇರೆಗಳ ನಡುವೆ ಬೆಂಕಿ ಹೊತ್ತಿಕೊಳ್ಳುತ್ತದೆ. ಊಟಕ್ಕೆ ಸಜ್ಜೆಯ ರೊಟ್ಟಿ, ಕೇರ್-ಸಾಂಗ್ರಿಯ ಪಲ್ಯ. ಸಾಂಗ್ರಿಯೆಂದರೆ ಖೇಜಡಿ ಮರದ ಕಾಯಿ. ಆ ಮರವೇ ನಮ್ಮ ದಸರೆಯ ಬನ್ನಿ.

ಬೆಂಕಿಯ ಸುತ್ತ ಹಾಡುವವರು ಮಾಂಗಣಿಯಾರರು. ಧರ್ಮದಿಂದ ಮುಸಲ್ಮಾನರಾದ ಇವರು ತಲೆಮಾರುಗಳಿಂದ ರಜಪೂತ ಯಜಮಾನರ ಮನೆಯ ಹೆರಿಗೆ, ಮದುವೆಗಳಲ್ಲಿ ಹಾಡಿ ಬದುಕಿದವರು; ಕೃಷ್ಣನನ್ನೂ ಹಾಡಬಲ್ಲವರು. ಇವರ ಹಳೆಯ ವಾದ್ಯ ಕಮಾಯಚಾ. ಅದರ ದುಂಡನೆಯ ಮರದ ಹೊಟ್ಟೆಗೆ ಮೇಕೆಯ ಚರ್ಮ ಬಿಗಿದು, ಕಮಾನಿನಿಂದ ನುಡಿಸುತ್ತಾರೆ. ಹಮೀರಾ ಗ್ರಾಮದ ಸಾಕರ್ ಖಾನರಿಗೆ ಇದೇ ವಾದ್ಯ 2012ರಲ್ಲಿ ಪದ್ಮಶ್ರೀಯನ್ನು ತಂದಿತ್ತು. ಮರುವರ್ಷ ಅವರು ತೀರಿಕೊಂಡರು. ಕಮಾಯಚಾದ ಸ್ಥಾನವನ್ನು ಎಷ್ಟೋ ಕಡೆ ಹಾರ್ಮೋನಿಯಂ ಆಕ್ರಮಿಸಿದೆ. ಧ್ವನಿವರ್ಧಕದ ಚಿತ್ರಗೀತೆಗಳೇ ರಾತ್ರಿಯನ್ನೆಲ್ಲ ನುಂಗುವ ಶಿಬಿರಗಳೂ ಉಂಟು. ಹೋಗುವವರು ಡೇರೆ ಗೊತ್ತುಮಾಡುವಾಗಲೇ ಕಮಾಯಚಾ ನುಡಿಸುವವರು ಇದ್ದಾರೆಯೇ ಎಂದು ವಿಚಾರಿಸುವುದು ಒಳ್ಳೆಯದು.