ನಿಮಗಿದು ಗೊತ್ತೆ?: ದೇಶನೂರಿನ ವಿರಕ್ತಮಠ ಮತ್ತು 40 ದಿನದ ಉಪವಾಸ

ಕಿತ್ತೂರು ಸೀಮೆಯಲ್ಲಿ, ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ, ಕ್ರೈಸ್ತರದೂ ಒಂದು ವಿರಕ್ತಮಠವಿದೆ: ಸ್ನಾನಿಕ ಅರುಳಪ್ಪ ವಿರಕ್ತಮಠ. ಇಲ್ಲಿನ ಯೇಸುಸಭೆಯ ಗುರುಗಳು ಕಾವಿ ಉಟ್ಟು, ಸಸ್ಯಾಹಾರಿಗಳಾಗಿ ಬಾಳುವ ದಾರಿ ಹಿಡಿದವರು. ಸ್ನಾನಿಕ ಅರುಳಪ್ಪ ಎಂದರೆ ಯೊರ್ದಾನ್ ನದಿಯಲ್ಲಿ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೊವಾನ್ನ. ಬೆಂಗಾಡಿನಲ್ಲಿ ಮಿಡತೆ, ಕಾಡುಜೇನು ತಿಂದು ಬದುಕಿದವನು. ವಿರಕ್ತಮಠಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಆ ಸ್ನಾನದ ಬೆನ್ನಲ್ಲೇ ಯೇಸು ಬೆಂಗಾಡಿನಲ್ಲಿ 40 ದಿನ ಉಪವಾಸವಿದ್ದರು. ಹಸಿದವರ ಮುಂದೆ ಸೈತಾನ ಮೊದಲು ಒಡ್ಡಿದ್ದು ರೊಟ್ಟಿಯ ಆಸೆಯನ್ನೇ. ಮೂರು ಶೋಧನೆಗಳಿಗೂ ಯೇಸು ಉತ್ತರಿಸಿದ್ದು ಒಂದೇ ಗ್ರಂಥದ, ಅಂದರೆ ಧರ್ಮೋಪದೇಶಕಾಂಡದ, ಮಾತುಗಳಿಂದ.

ಕ್ರೈಸ್ತರ ತಪಸ್ಸುಕಾಲ ಆ ಉಪವಾಸದ ಸ್ಮರಣೆ. ವಿಭೂತಿ ಬುಧವಾರದಿಂದ ಈಸ್ಟರ್ ಮುನ್ನಾದಿನದವರೆಗೆ ಎಣಿಸಿದರೆ 46 ದಿನ ಬರುತ್ತದೆ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಆ 6 ಕಳೆದರೆ 40. ಕಥೋಲಿಕ ನಿಯಮದಂತೆ 18ರಿಂದ 59 ವಯಸ್ಸಿನವರು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಹೊತ್ತು ಹೊಟ್ಟೆತುಂಬ ಉಣ್ಣಬೇಕು, ಮಾಂಸ ಮುಟ್ಟಬಾರದು. ರೋಗಿಗಳಿಗೆ, ಗರ್ಭಿಣಿಯರಿಗೆ ವಿನಾಯಿತಿ ಇದೆ.